ಚಂದಮ್ಮನ ಮುಖಕ್ಕೆ ಚಂದಮ್ಮನದೇ ದನಿ

ಪುಣೆಯ ಮಾರ್ಕೆಟ್ ಯಾರ್ಡಿನಲ್ಲಿ ಈಗಷ್ಟೇ ಬೆಳಕು ಹರಿಯುತ್ತಿದೆ. ಬೆಳ್ಳುಳ್ಳಿ ಚೀಲಗಳ ನಡುವೆ ಕುಳಿತ ಚಂದಮ್ಮ ದಪ್ಪ ಗಡ್ಡೆಗಳನ್ನು ಒಂದು ಕಡೆ, ಸಣ್ಣವನ್ನು ಇನ್ನೊಂದು ಕಡೆ ಎಸೆಯುತ್ತಾರೆ. ಎದುರಿನ ಲಾರಿಯ ಎಂಜಿನ್ ಗುರ್ರೆನ್ನುತ್ತಿದೆ. ಅದನ್ನೇ ಶ್ರುತಿ ಮಾಡಿಕೊಂಡು ಹಾಡುತ್ತಾರೆ. ಡ್ರೈವರ್ ಎಂಜಿನ್ ಆರಿಸಲು ಹೋದರೆ ಮರಾಠಿಯಲ್ಲಿ ಗದರುತ್ತಾರೆ. ನಮಗೆ ಕನ್ನಡದಲ್ಲಿ ಹೇಳುತ್ತಾರೆ: "ಶ್ರುತಿ ಹಿಡಿಯಾಕ ಮನ್ಯಾಗ ಹಾರ್ಮೋನಿಯಂ ಪೇಟಿ ಇಲ್ರಿ. ಈ ಲಾರೀನ ನನ್ನ ಪೇಟಿ."

ಅಫಜಲಪುರದ ಕಡೆಯ ಚಂದಮ್ಮ ಎಳೆಯ ವಯಸ್ಸಿನಲ್ಲೇ ನಾಟಕ ಕಂಪನಿ ಸೇರಿದವರು. "ನಿನ್ನ ದನಿ ಬೆಳ್ಳಗದ, ಮುಖ ಕಪ್ಪದ" ಎಂದ ಮಾಲೀಕರು ಅವರನ್ನು ಪರದೆಯ ಹಿಂದೆ ನಿಲ್ಲಿಸಿದರು. ನಾಯಕಿ ಬಾಯಿ ಆಡಿಸುತ್ತಿದ್ದಳು, ಹಾಡು ಚಂದಮ್ಮನದು. ಜನ 'ಒನ್ಸ್ ಮೋರ್' ಎಂದು ಕೂಗಿದಾಗ ಕೈಮುಗಿಯುತ್ತಿದ್ದವಳೂ ನಾಯಕಿಯೇ. ಮುಂದೆ ತಾಯಿ, ಅತ್ತೆಯ ಪಾತ್ರಗಳು ಸಿಕ್ಕವು, ಅವಕ್ಕೆ ಹಾಡಿರಲಿಲ್ಲ.

1994ರಲ್ಲಿ ಕಂಪನಿ ಮುಚ್ಚಿತು. ಗಂಡ ಅಂಬಾರಾಯ ಹಮಾಲಿ ಕೆಲಸಕ್ಕೆ ಪುಣೆಗೆ ಹೊರಟಾಗ ಚಂದಮ್ಮನೂ ಬಂದರು. ಇಲ್ಲಿನ ಕನ್ನಡಿಗರ ನಾಟಕಗಳಲ್ಲಿ ಮತ್ತೆ ತಾಯಿಯಾದರು. ಅಲ್ಲಿ ಅವರನ್ನು ಕಂಡ ಯುವ ನಿರ್ದೇಶಕ ಬಸವಪ್ರಭು ಕಳೆದ ವರ್ಷ ತಮ್ಮ ಮೊದಲ ಸಿನಿಮಾಕ್ಕೆ ಕರೆದರು. ಬೀಸುತ್ತ ಹಾಡುವ ತಾಯಿಯ ಪಾತ್ರ. ಹಾಡನ್ನು ಮಾತ್ರ ಬೇರೊಬ್ಬ ಗಾಯಕಿಯಿಂದ ಮೊದಲೇ ಹಾಡಿಸಿಟ್ಟಿದ್ದರು.

ಚಿತ್ರೀಕರಣದ ದಿನ ಸ್ಪೀಕರಿನಲ್ಲಿ ಆ ಹಾಡು ಶುರುವಾಯಿತು. ಬೀಸುಕಲ್ಲು ಹಿಡಿದ ಚಂದಮ್ಮ ಬಾಯಿ ತೆರೆದರು, ಸ್ಪೀಕರ್ ಕೇಳಿಸದಾಯಿತು.

"ಬಾಯಿ ಅಷ್ಟ ಆಡಸ್ರಿ ಅಕ್ಕಾರ," ಎಂದರು ಬಸವಪ್ರಭು.

ಆಡಿಸಿದರು. ನೋಡಲು ಬಂದಿದ್ದ ಅಂಬಾರಾಯ ನಕ್ಕುಬಿಟ್ಟರು. "ಎಲಿ ಅಡಿಕಿ ಜಗದಂಗ ಕಾಣ್ತದ ನೋಡು."

ಚಂದಮ್ಮ ಹಿಟ್ಟಿನ ಕೈ ಕೊಡವಿ ಎದ್ದರು. "ಆಗ ನನ್ನ ದನಿಗಿ ಮಂದಿ ಮುಖ. ಈಗ ನನ್ನ ಮುಖಕ್ಕ ಮಂದಿ ದನಿ. ಆಗೂದಿಲ್ರಿ ಸಾಹೇಬ್ರ. ಇಲ್ಲಾ ನನ್ನ ದನಿ ಇಡ್ರಿ, ಇಲ್ಲಾ ಹಾಡಿದ ಆ ಅಕ್ಕನ್ನ ಕರಸಿ ಬೀಸಾಕ ಕುಂದ್ರಸ್ರಿ."

ಪಾತ್ರವೇ ಕೈತಪ್ಪಬಹುದೆಂದು ಗೊತ್ತಿರಲಿಲ್ಲವೆ ಎಂದು ಈಗ ಕೇಳಿದರೆ ಹೇಳುತ್ತಾರೆ:

"ಗೊತ್ತಿತ್ರಿ. ಪಾತ್ರ ಹೋದ್ರ ಬೆಳ್ಳುಳ್ಳಿ ಆರಸೂದು ಇದ್ದ ಇತ್ತು. ದನಿ ಹೋದ್ರ ಏನಿತ್ರಿ?"

ಬಸವಪ್ರಭು ಸ್ಪೀಕರ್ ಆರಿಸಿದರು. ಬೀಸುಕಲ್ಲಿನ ಸದ್ದಿನ ಸಮೇತ ಚಂದಮ್ಮನ ದನಿಯೇ ಸಿನಿಮಾದಲ್ಲಿ ಉಳಿದಿದೆ.

ಹೋದ ಭಾನುವಾರ ಪುಣೆಯ ಕ್ಯಾಂಪ್ ಬಡಾವಣೆಯ ಥಿಯೇಟರಿನಲ್ಲಿ ಬೆಳಗಿನ ಆಟ. ಯಾರ್ಡಿನ ಹಮಾಲರು, ಬೆಳ್ಳುಳ್ಳಿ ಆರಿಸುವ ಹೆಂಗಸರು ಕುರ್ಚಿ ತುಂಬಿದ್ದಾರೆ. ಹಾಡು ಮುಗಿದೊಡನೆ ಹಿಂದಿನಿಂದ ಒಬ್ಬ 'ಒನ್ಸ್ ಮೋರ್' ಎನ್ನುತ್ತಾನೆ, ಆಮೇಲೆ ಎಲ್ಲರೂ. ಪರದೆಗೆ ಅದು ಕೇಳುವುದಿಲ್ಲ. ಸಿನಿಮಾ ಮುಂದಿನ ದೃಶ್ಯಕ್ಕೆ ಹೋಗುತ್ತದೆ. ಜನ ಬಿಡುವುದಿಲ್ಲ. ಕೇಳಿದವರಿಗೆ ಮತ್ತೆ ಹಾಡಲೇಬೇಕೆಂಬುದು ನಾಟಕ ಕಂಪನಿಯ ರೂಢಿ. ಚಂದಮ್ಮ ಎದ್ದು ಪರದೆಯ ಮುಂದೆ ನಿಲ್ಲುತ್ತಾರೆ. ಓಡುತ್ತಿರುವ ಸಿನಿಮಾ ಅವರ ಸೀರೆಯ ಮೇಲೆ ಬೀಳುತ್ತದೆ. ಮೈಕಿಲ್ಲದೆ ಮೊದಲಿನಿಂದ ಹಾಡುತ್ತಾರೆ. ಆಪರೇಟರ್ ಸಿನಿಮಾ ನಿಲ್ಲಿಸಿ ದೀಪ ಹಾಕುತ್ತಾನೆ. ಈ ಸಲ ಕೈಮುಗಿಯುವವರು ಹಾಡಿದವರೇ.

ಇನ್ನೇನು ಆಸೆಯಿದೆ ಎಂದರೆ ಬೆಳ್ಳುಳ್ಳಿ ಎಸೆಯುತ್ತಲೇ ಹೇಳುತ್ತಾರೆ: "ಮುಂದಿನ ಸಿನಿಮಾದಾಗ ಬೀಸೂದು ಬ್ಯಾಡ್ರಿ. ರಾಣಿ ಪಾತ್ರ ಕೊಡ್ರಿ. ಈ ಕಪ್ಪ ಮುಖಕ್ಕ ಪೌಡರ್ ಹಚ್ಚಾಕ ಮಾತ್ರ ಯಾರೂ ಬರಬ್ಯಾಡ್ರಿ."