ಉಡಿ ತುಂಬಿದ ಕುರ್ಚಿ

ಬೈಲಹೊಂಗಲದ ನಮ್ಮ ಮನೆಯಲ್ಲಿ ಕಬ್ಬಿಣದ ಒಂದು ಮಡಚುವ ಕುರ್ಚಿಯಿದೆ. ಅದರ ಮೇಲೆ ಮನುಷ್ಯರು ಕೂತದ್ದನ್ನು ನಾನು ಕಂಡದ್ದು ಕಡಿಮೆ. ಹಗ್ಗದಿಂದ ಇಳಿದ ಒಣಬಟ್ಟೆಗಳು ಕೂರುತ್ತವೆ, ಅಪ್ಪನ ಧೋತರ ಬೆನ್ನಿಗೆ ಒರಗುತ್ತದೆ, ನನ್ನ ದುಪಟ್ಟಾ ಕಾಲು ಇಳಿಬಿಡುತ್ತದೆ. ಯಾರಾದರೂ ಬಂದರೆ ಅವ್ವ ಚಾಪೆ ಹಾಸುತ್ತಾಳೆಯೇ ಹೊರತು ಆ ರಾಶಿಯನ್ನು ಎಬ್ಬಿಸುವುದಿಲ್ಲ. ಇದರಿಂದ ಕುರ್ಚಿಗೆ ಅವಮಾನವೋ ಅಲ್ಲವೋ ಎಂದು ಕೇಳಿ ನೋಡಿ, ಚರ್ಚಾಸ್ಪರ್ಧೆಗಳಲ್ಲೇ ಬೆಳೆದ ನಾನು ಎರಡೂ ಪಕ್ಷ ವಹಿಸಿ ವಾದಿಸಬಲ್ಲೆ. ಆದರೆ ನಾನು ಈಗ ಹೇಳಹೊರಟದ್ದು ಬಟ್ಟೆಯ ಬದಲು ಭಕ್ತಿ ಬಂದು ಕೂತ ಇನ್ನೊಂದು ಕುರ್ಚಿಯ ಸಂಗತಿ.

ಆ ಕುರ್ಚಿ ಉಗರಗೋಳದ ನೀಲಕ್ಕನದು. ಎಳವೆಯಲ್ಲೇ ಪೋಲಿಯೊ ಎರಡೂ ಕಾಲುಗಳನ್ನು ಕಸಿದುಕೊಂಡ ಮೇಲೆ, ನಮ್ಮ ಸೀಮೆಯಲ್ಲಿ ಮೊದಲ ಬಾರಿಗೆ ಕೂತಲ್ಲಿಂದಲೇ ಗುಂಡು ಎಸೆದು ದೂರದ ಮೈದಾನಗಳಿಂದ ಪದಕ ತಂದ ಹೆಂಗಸು ಆಕೆ. ಕೂತು ಎಸೆಯುವವರಿಗೆ ಗುಂಡಿನಷ್ಟೇ ಮುಖ್ಯವಾದದ್ದು ಕುರ್ಚಿ. ಅದು ಅಲುಗಿದರೆ ತೋಳಿನ ಬಲವೆಲ್ಲ ಅಲುಗಾಟಕ್ಕೇ ಖರ್ಚು. ಅದಕ್ಕೆಂದೇ ನೀಲಕ್ಕ ಸವದತ್ತಿಯ ಕಮ್ಮಾರನೊಬ್ಬನಿಂದ ದಪ್ಪ ಚೌಕಟ್ಟಿನ ಕುರ್ಚಿ ಮಾಡಿಸಿ, ಎಡಗೈ ಹಿಡಿತಕ್ಕೆ ನೆಟ್ಟನೆಯ ಸರಳು, ಕುರ್ಚಿಯ ಪ್ರತಿ ಕಾಲಿಗೂ ಕಬ್ಬಿಣದ ಒಂದು ಬಳೆ ಬೆಸೆಯಿಸಿ, ಎತ್ತು ಕಟ್ಟುವ ಗೂಟಗಳನ್ನು ನೆಲಕ್ಕೆ ಹೊಡೆದು, ಬಳೆಗಳಿಗೆ ಹಗ್ಗ ಬಿಗಿದು, ಭೂಮಿಗೇ ತನ್ನನ್ನು ಕಟ್ಟಿಕೊಂಡು ಎಸೆಯುತ್ತಿದ್ದಳು. ಆಗ ಊರು ನಕ್ಕಿತ್ತಂತೆ. ಆ ನಗೆ ಗೌರವವಾಗಿ ಹಣ್ಣಾಗುವ ಹೊತ್ತಿಗೆ ಆಕೆಯ ತಲೆ ನರೆತಿತ್ತು.

ಈ ಚಳಿಗಾಲದಲ್ಲಿ ನಮ್ಮೂರ ಸಮುದಾಯ ಭವನದಲ್ಲಿ ಆಕೆಯ ಗೌರವಕ್ಕೆಂದು ಪ್ರದರ್ಶನ ಏರ್ಪಟ್ಟಿತು. ಗೋಡೆಗೆ ಪಟಗಳು, ಮೇಜಿನ ಮೇಲೆ ಪದಕಗಳು, ನಡುವೆ ಆ ಕುರ್ಚಿ. ನೀಲಕ್ಕ ಅದನ್ನು ಕೊಟ್ಟದ್ದು ಒಂದು ಕರಾರಿನ ಮೇಲೆ: ಮುಕ್ತಾಯದ ಸಂಜೆ ಅದು ಸಾಲಹಳ್ಳಿಯ ಶಬಾನಾಳಿಗೆ ಸೇರಬೇಕು. ಶಬಾನಾಳಿಗೂ ಕಾಲಿಲ್ಲ, ಆದರೆ ನೀಲಕ್ಕನದೇ ತೋಳು. ಕೂತು ಎಸೆಯುವವರ ಜಿಲ್ಲಾ ಆಯ್ಕೆ ಮುಕ್ತಾಯದ ನಂತರ ಒಂದೇ ದಿನ ಬಿಟ್ಟು ಇತ್ತು, ಅಲ್ಲಿಗೆ ಅವರವರ ಕುರ್ಚಿಯನ್ನು ಅವರವರೇ ಒಯ್ಯಬೇಕು.

ಉದ್ಘಾಟನೆಯ ದಿನ ಪ್ರದರ್ಶನ ಸಮಿತಿಯ ಹಿರಿಯರಾದ ಬಸಪ್ಪಜ್ಜ ಕುರ್ಚಿಗೆ ಪೂಜೆ ಮಾಡಿಸಿದರು. ಅದರಲ್ಲಿ ವಿಶೇಷವೇನಿಲ್ಲ, ನಮ್ಮಲ್ಲಿ ಟ್ರ್ಯಾಕ್ಟರಿನಿಂದ ಹೊಲಿಗೆ ಯಂತ್ರದವರೆಗೆ ಕುಂಕುಮ ಕಾಣದ ಕಬ್ಬಿಣವಿಲ್ಲ. ಆದರೆ ನೋಡಬಂದ ಹೆಣ್ಣುಮಕ್ಕಳು ಅಷ್ಟಕ್ಕೇ ನಿಲ್ಲಿಸಲಿಲ್ಲ. ಒಬ್ಬಾಕೆ ಅಕ್ಕಿ ಸುರಿದಳು, ಇನ್ನೊಬ್ಬಾಕೆ ಕುಪ್ಪಸದ ಖಣ ಇಟ್ಟಳು, ಕೊನೆಗೆ ಗುಡ್ಡದ ದೇವಿಗೆ ಮಡಿಲಕ್ಕಿ ತುಂಬುವಂತೆ ಕುರ್ಚಿಗೆ ಉಡಿಯೇ ತುಂಬಿಬಿಟ್ಟರು. ಮುಕ್ತಾಯದ ಸಂಜೆ ಬಸಪ್ಪಜ್ಜ ಮೈಕು ಹಿಡಿದು, ಕುರ್ಚಿ ಗಾಜಿನ ಪೆಟ್ಟಿಗೆಯಲ್ಲಿ ಭವನದಲ್ಲೇ ಉಳಿಯುತ್ತದೆಂದು ಸಾರಿದರು. ಭಾಷಣಕ್ಕೆಂದು ವೇದಿಕೆಯ ಮೇಲೆ ನೀಲಕ್ಕನ ಪಕ್ಕ ಕೂತಿದ್ದ ನಾನು ಎದ್ದು ನಿಂತೆ.

"ಅಜ್ಜಾರ, ಅದು ಇವತ್ತ ಸಾಲಹಳ್ಳಿಗೆ ಹೋಗಬೇಕಿತ್ತಲ್ರಿ?"

"ಹೋಗಬೇಕಿತ್ತವಾ. ಆದ್ರ ಉಡಿ ತುಂಬೇತಿ. ಅದರ ಮ್ಯಾಲ ಹೆಂಗ ಕುಂಡ್ರಾಕ ಬರತೈತಿ? ಹುಡುಗಿಗೆ ಹೊಸಾದ ಮಾಡಿಸಿ ಕೊಡೂಣು."

"ಆಯ್ಕಿ ನಾಡಿದ್ದ ಐತ್ರಿ. ನೀವ್ ಟ್ರ್ಯಾಕ್ಟರ್ ಪೂಜಿ ಮಾಡಿ ಮರುದಿನ ನಿಂತ ಹೊಡೀತೀರೇನು?"

ಸಭೆ ಗೊಳ್ಳೆಂದಿತು. ಬಸಪ್ಪಜ್ಜನೂ ನಕ್ಕರು. "ಈ ಬಾಯಿಗೆ ಯಾರ ಎದರ ಆಡ್ಯಾರು. ಸೋತೆ ತಗಿ. ಬಾ ಶಬಾನಾ, ಎಲ್ಲಾರ ಮುಂದ ಕುಂಡ್ರ ಬಾ."

ಅವರ ಮಾತಿನಲ್ಲಿ ಕಪಟವಿರಲಿಲ್ಲ. ಆದರೆ ಆ ಮಾತು ಮುಗಿಯುವಷ್ಟರಲ್ಲಿ ಭವನದ ತುಂಬ ಮೊಬೈಲುಗಳು ಎದ್ದು ನಿಂತವು. ಶಬಾನಾಳ ಅಪ್ಪ ಮೌಲಾಸಾಬ, ಎಂ.ಕೆ. ಹುಬ್ಬಳ್ಳಿಯ ಕಾರ್ಖಾನೆಗೆ ಕಬ್ಬಿನ ಲಾರಿ ಹೊಡೆಯುವವನು, ಮಗಳ ಗಾಲಿಕುರ್ಚಿಯ ಹಿಡಿಕೆಯನ್ನು ಬಿಡಲಿಲ್ಲ.

"ಬ್ಯಾಡ್ರಿ ಅಜ್ಜಾರ. ಹೆಣ್ಮಕ್ಕಳು ಉಡಿ ತುಂಬಿದ್ದು. ನಮ್ಮ ಹುಡುಗಿ ಕುಂತ ಫೋಟೋ ನಾಳೆ ಎಲ್ಲೆಲ್ಲಿ ತಿರಗತೈತೋ."

"ಯಾರ ಏನಂತಾರ ಮೌಲಾ? ನಾ ಇಲ್ಲೇನು?"

"ನೀವ್ ಇರ್ತೀರ್ರಿ. ನಿಮ್ಮನ್ನ ಬಲ್ಲಾವ್ರು ಸುಮ್ಮನಿರತಾರ. ಫೋನ್ಯಾಗ ನೋಡಾವ್ರಿಗೆ ನೀವ್ ಯಾರೋ, ನಾ ಯಾರೋ."

ಚರ್ಚಾಸ್ಪರ್ಧೆಯಲ್ಲಿ ಎದುರಾಳಿ ಸೋಲೊಪ್ಪಿದರೆ ಗಂಟೆ ಬಾರಿಸುತ್ತಾರೆ, ಕಪ್ ಕೊಡುತ್ತಾರೆ. ಇಲ್ಲಿ ಎದುರಾಳಿ ನಗುನಗುತ್ತಲೇ ಸೋತಿದ್ದರು, ಮತ್ತು ನನ್ನ ಗೆಲುವನ್ನು ಒಯ್ಯಲು ಯಾರೂ ಮುಂದೆ ಬರುತ್ತಿರಲಿಲ್ಲ. ಶಬಾನಾ ಮಾತ್ರ ಕುರ್ಚಿಯ ಕಾಲುಗಳ ಬಳೆಗಳನ್ನೇ ನೋಡುತ್ತ, "ಬಳಿ ಭಾಳ ಗಟ್ಟಿ ಅದಾವ ನೀಲಕ್ಕ," ಎಂದಳು, ಅಂಗಡಿಯಲ್ಲಿ ಕೊಳ್ಳಲಾಗದ ವಸ್ತುವನ್ನು ಹೊಗಳುವವರ ದನಿಯಲ್ಲಿ.

ನೀಲಕ್ಕ ನನಗೆ ಮಾತ್ರ ಕೇಳುವಂತೆ ಹೇಳಿದಳು: "ನಾ ಗುಂಡ ಒಗೀವಾಗ ಕುಂಟೀ ಕುರ್ಚಿ ಅಂತ ಇದನ್ನ ಯಾರೂ ಮುಟ್ಟತಿರಲಿಲ್ಲ. ಈಗ ದೇವ್ರ ಕುರ್ಚಿ ಅಂತ ಮುಟ್ಟಂಗಿಲ್ಲ. ಇದರ ಹಣೇಬರಹ ಬದಲಾಗಲಿಲ್ಲ ನೋಡವಾ."

ಆಯ್ಕೆಯಲ್ಲೂ ಮೊಬೈಲುಗಳಿರುತ್ತವೆಂದು ಮೌಲಾಸಾಬ ಅದನ್ನು ಒಯ್ಯಲೂ ಒಪ್ಪಲಿಲ್ಲ, ಅದು ಭವನದಲ್ಲೇ ಉಳಿಯಿತು. ಮರುದಿನ ನಮ್ಮ ಮನೆಯ ಕುರ್ಚಿಯಿಂದ ಬಟ್ಟೆಗಳನ್ನು ಎಬ್ಬಿಸಿ, ಅದನ್ನು ಬಸ್ಸಿನಲ್ಲಿ ಸಾಲಹಳ್ಳಿಗೆ ಒಯ್ದೆ. ಕಟಾವಾದ ಹೊಲದಲ್ಲಿ ಗೂಟ ಹೊಡೆದು ಹಗ್ಗ ಬಿಗಿದೆವು; ತೆಳು ಕಬ್ಬಿಣ, ಬಿಗಿದಷ್ಟೂ ಬಾಗಿತು. ಕೊನೆಗೆ ಮೌಲಾಸಾಬ ಹಿಂದಿನ ಕಾಲುಗಳನ್ನೂ ನಾನು ಮುಂದಿನವನ್ನೂ ನೆಲಕ್ಕೆ ಒತ್ತಿ ಹಿಡಿದೆವು. ಶಬಾನಾ ಎಸೆದಳು. ಗುಂಡು ಎಲ್ಲಿ ಬಿತ್ತೆಂದು ನಾವಿಬ್ಬರೂ ನೋಡಲಿಲ್ಲ. ಕುರ್ಚಿಯ ಕಾಲ ಬುಡದಲ್ಲಿ ಮಂಡಿಯೂರಿ, ತಲೆ ತಗ್ಗಿಸಿ ಕೂತಿದ್ದೆವು. ಆಯ್ಕೆಯ ಮೈದಾನದಲ್ಲಿ ಹಾಗೆ ಹಿಡಿಯಲು ಯಾರನ್ನೂ ಬಿಡಲಿಲ್ಲ. ಮೊದಲ ಎಸೆತಕ್ಕೇ ಕುರ್ಚಿ ವಾಲಿತು. ಅವಳ ಹೆಸರನ್ನು ಮತ್ತೆ ಕರೆಯಲಿಲ್ಲ.

ಕುರ್ಚಿ ಮನೆಗೆ ಮರಳಿದೆ, ಒಂದು ಕಾಲು ಸೊಟ್ಟಗಾಗಿದೆ. ಅವ್ವ ದಿನವೂ ಅದರ ಮೇಲೆ ಒಣಬಟ್ಟೆ ಹೇರುತ್ತಾಳೆ, ನಾನು ದಿನವೂ ಇಳಿಸುತ್ತೇನೆ. ಬರಿದಾದ ಕುರ್ಚಿ ಸಂಜೆಯವರೆಗೂ ಸ್ವಲ್ಪ ವಾಲಿಕೊಂಡೇ ನಿಂತಿರುತ್ತದೆ.