ಕೊನೆಯ ಸಾಲಿನ ಮೂಲೆ ಕುರ್ಚಿ

ಮೇಡಂ ಬಲಗೈಯಲ್ಲಿ ಹಸಿರು ಗಾಜಿನ ಬಳೆ, ಎಡಗೈಯಲ್ಲಿ ಬಳೆಯಂತೆಯೇ ತೊಟ್ಟ ಕಪ್ಪು ಟೇಪಿನ ಸುರುಳಿ. ಮೈಕಿನ ವೈರು ಯಾರ ಕಾಲಿಗೂ ತೊಡರದಂತೆ ನೆಲಕ್ಕೆ ಅಂಟಿಸಲು ಆ ಟೇಪು. ಒಳ್ಳೆಯ ಇಳಕಲ್ ಸೀರೆ ಉಟ್ಟು ದೊಡ್ಡವರನ್ನು ಸ್ವಾಗತಿಸುವಾಗಲೂ ಅವರು ಅದನ್ನು ಕಳಚಿದ್ದನ್ನು ನಾನು ಕಂಡಿಲ್ಲ.

ಯಲಹಂಕದ ಸುತ್ತಮುತ್ತ ವರ್ಷಕ್ಕೊಮ್ಮೆ ನಡೆಯುವ ಕಲಾ ಉತ್ಸವಕ್ಕೆ ಅವರು ನಿರ್ದೇಶಕಿ. ಯಾವ ಕಲಾವಿದರನ್ನು ಕರೆಯಬೇಕು, ಯಾರ ನಂತರ ಯಾರು, ಯಾವ ಜಾಗಕ್ಕೆ ಯಾವ ಹಾಡು, ಎಲ್ಲ ಅವರ ತಲೆಯಲ್ಲಿರುತ್ತಿತ್ತು. ಹೆಬ್ಬಾಳದ ಆಫೀಸೊಂದರಲ್ಲಿ ಬೇಸತ್ತು ನಾನು ಅವರ ಬಳಿ ಕೆಲಸ ಕೇಳಲು ಹೋದಾಗ ಅವರು ನನ್ನ ಓದಿನ ಬಗ್ಗೆ ವಿಚಾರಿಸಲೇ ಇಲ್ಲ. "ಕೊನೇ ಸಾಲಲ್ಲಿ ಕೂತು ಯಾವತ್ತಾದ್ರೂ ನಾಟಕ ನೋಡಿದ್ದೀಯಾ?" ಎಂದರು.

"ಯಾವಾಗ್ಲೂ ಅಲ್ಲೇ ಮೇಡಂ. ಮುಂದೆ ಜಾಗ ಯಾರು ಕೊಡ್ತಾರೆ?" ಎಂದೆ. ಅಷ್ಟಕ್ಕೇ ಕೆಲಸ ಸಿಕ್ಕಿತು. ಕೊಡಿಗೇಹಳ್ಳಿಯ ಮನೆಯಲ್ಲಿ ಅಮ್ಮ ಮಾತ್ರ, "ಕುರ್ಚಿ ಹಾಕ್ಸೋದೂ ಒಂದು ಕೆಲ್ಸಾನೇನೇ?" ಎಂದು ನೆಂಟರ ಮುಂದೆಯೇ ನನ್ನ ಮರ್ಯಾದೆ ತೆಗೆದಳು.

ಅದೂ ಒಂದು ಕೆಲಸವೆಂದು ಮೇಡಂ ಕಲಿಸಿದರು. ಪ್ರತಿ ಪ್ರದರ್ಶನಕ್ಕೆ ಮುಂಚೆ ಕೊನೆಯ ಸಾಲಿನ ತೀರಾ ಮೂಲೆಯಲ್ಲಿ ಕೂತು ನೋಡುತ್ತಿದ್ದರು. ಅಲ್ಲಿಗೆ ಕೇಳಿಸದಿದ್ದರೆ ಸ್ಪೀಕರಿನ ಜಾಗ ಬದಲಾಗಲೇಬೇಕು. ಕಲಾವಿದರ ಊಟವಾಗದೆ ನಮಗೆ ಊಟವಿಲ್ಲ. ಇದೆಲ್ಲಕ್ಕಿಂತ ಗಟ್ಟಿ ನಿಯಮವೆಂದರೆ ಹೇಳಿದ ಹೊತ್ತಿಗೆ ಶುರು. ದೀಪ, ಹಾರ, ಶಾಲು, ಭಾಷಣ ಎಲ್ಲ ಆಮೇಲೆ. ಮುಖ್ಯ ಅತಿಥಿ ಬರುವ ತನಕ ಕಲಾವಿದರು ಬಣ್ಣ ಹಚ್ಚಿಕೊಂಡು ಬೆವರುತ್ತ ಕೂರುವ ನಮ್ಮ ನಾಡಿನಲ್ಲಿ ಇದು ಸಣ್ಣ ಮಾತಲ್ಲ.

ನಾನೇ ರೂಪಿಸಿದ ಮೊದಲ ಕಾರ್ಯಕ್ರಮ ಪುಟ್ಟೇನಹಳ್ಳಿ ಕೆರೆಯ ಪಕ್ಕದಲ್ಲಿತ್ತು. ತತ್ವಪದ ಹಾಡುವ ವಯಸ್ಸಾದ ತಾಯಿಯೊಬ್ಬರು ಏಕತಾರಿ ಹಿಡಿದು ಸಿದ್ಧರಾಗಿ ಕೂತಿದ್ದರು. ಶಾಮಿಯಾನ, ಮೈಕು ಒದಗಿಸಿದ್ದ ಉದ್ಯಮಿಯೇ ಮುಖ್ಯ ಅತಿಥಿ. ಅವರು ಹೆಬ್ಬಾಳದ ಫ್ಲೈಓವರ್ ಮೇಲೆ ಸಿಕ್ಕಿಹಾಕಿಕೊಂಡಿದ್ದರು. "ಇನ್ನೇನ್ ಬಂದ್ಬಿಟ್ರು, ಕಾಯ್ರೀ" ಎಂದು ಅವರ ಕಡೆಯವರು ಫೋನಿನಲ್ಲಿ ಗದರುತ್ತಿದ್ದರು. ಕಾಯದಿದ್ದರೆ ಮುಂದಿನ ವರ್ಷ ಅವರ ನೆರವಿಲ್ಲ, ಬಹುಶಃ ನನ್ನ ಕೆಲಸವೂ ಇಲ್ಲ. ಆ ತಾಯಿ ನನ್ನ ಕೈ ಹಿಡಿದು, "ಗಂಟ್ಲು ಈಗ ದಾರಿಗ್ ಬಂದೈತೆ ಕಣವ್ವ. ಇಂಗೇ ಕೂತ್ರೆ ಕಟ್ಕೊಂಡ್ಬುಡ್ತದೆ" ಎಂದರು.

ಮೇಡಂ ಬಳಿಗೆ ಓಡಿದೆ. ಅವರು ಮೂಲೆಯ ಕುರ್ಚಿಯಿಂದ ಏಳಲೂ ಇಲ್ಲ. "ಇದು ನಿನ್ ಕಾರ್ಯಕ್ರಮ ಕಣೇ, ನೀನೇ ಹೇಳು. ಬೈಯೋಕ್ ಬಂದವ್ರನ್ನ ನನ್ ಹತ್ರ ಕಳ್ಸು" ಎಂದರು.

ಶುರು ಮಾಡಿಸಿದೆ. ಎರಡನೆಯ ಪದದ ನಡುವೆ ಅತಿಥಿಗಳ ಕಾರು ಬಂತು. ಮೇಡಂ ಗೇಟಿನವರೆಗೂ ಹೋಗಿ ಕೈಮುಗಿದು, ತುಟಿಗೆ ಬೆರಳಿಟ್ಟು, ಅವರನ್ನು ತಮ್ಮ ಕುರ್ಚಿಯಲ್ಲೇ ಕೂರಿಸಿ ಪಕ್ಕದಲ್ಲಿ ನಿಂತರು. ಆ ತಾಯಿಯ ದನಿಗೆ ಕೆರೆ ಏರಿಯ ಮೇಲೆ ವಾಕಿಂಗ್ ಹೊರಟವರೂ ನಿಂತುಬಿಟ್ಟಿದ್ದರು. ಅತಿಥಿಗಳು ಹಾಡು ಮುಗಿಯುವವರೆಗೆ ಕೂತದ್ದೇನೋ ನಿಜ. ಆಮೇಲೆ ಮುಖ ಊದಿಸಿಕೊಂಡು, ಭಾಷಣವನ್ನೂ ಮಾಡದೆ ಹೊರಟರು.

ಮರುವರ್ಷ ಶಾಮಿಯಾನ ಬರಲಿಲ್ಲ. ನಾನು ಸಪ್ಪೆ ಮುಖ ಹಾಕಿಕೊಂಡು ನಿಂತರೆ ಮೇಡಂ ನಕ್ಕರು. "ಹೊಂಗೆ ಮರ ಇದೆಯಲ್ಲೇ, ಅದ್ರ ಕೆಳಗೆ ಜಮಖಾನ ಹಾಸ್ಸು." ಅವರನ್ನು ಹಟಮಾರಿ ಎಂದು ದೂರುವವರು ಬೇಕಾದಷ್ಟು ಜನ ಇದ್ದರು. ನನಗೆ ಆ ಹಟವೇ ಇಷ್ಟ. ಅದರ ನೆರಳಲ್ಲೇ ನಾನು ಈ ಕೆಲಸ ಕಲಿತದ್ದು.

ಕಳೆದ ಮಳೆಗಾಲದಲ್ಲಿ ಮೇಡಂ ತೀರಿಕೊಂಡರು. ಉತ್ಸವದ ಹೊಣೆ ಈಗ ನನ್ನದು. ಹಾಡಿನೊಂದಿಗೆ ಶುರುವಾಗಬೇಕಿದ್ದ ಅವರ ಶ್ರದ್ಧಾಂಜಲಿ ಸಭೆಯನ್ನೂ ನಾನೇ ನಡೆಸಬೇಕಾಯಿತು. ಅಂದೂ ಗಣ್ಯರೊಬ್ಬರು ಇನ್ನೂ ದಾರಿಯಲ್ಲಿದ್ದರು. "ಇವತ್ತೊಂದಿನ ಕಾಯೋಣ, ಚೆನ್ನಾಗಿರಲ್ಲ" ಎಂದು ಸುತ್ತಲಿನವರು ಪಿಸುಗುಟ್ಟಿದರು. ನನಗೆ ಅರಿವಿಲ್ಲದೆ ಕಣ್ಣು ಕೊನೆಯ ಸಾಲಿಗೆ ಹೋಯಿತು. ಮೂಲೆಯ ಕುರ್ಚಿಯಲ್ಲಿ ಅಮ್ಮ ಕೂತಿದ್ದಳು. ಹತ್ತಿರ ಹೋದೆ.

"ಇಲ್ಲಿಗ್ ಸರಿಯಾಗ್ ಕೇಳ್ಸಲ್ಲ ಕಣೇ. ಆ ಸ್ಪೀಕರ್ ಸ್ವಲ್ಪ ಈ ಕಡೆ ತಿರ್ಗ್ಸು" ಎಂದಳು.

ತಿರುಗಿಸಿದೆ. ಹೇಳಿದ ಹೊತ್ತಿಗೆ ಹಾಡು ಶುರುವಾಯಿತು. ಜರುಗಿದ ವೈರಿಗೆ ಟೇಪು ಅಂಟಿಸಲು ಬಗ್ಗಿದವಳಿಗೆ ಮತ್ತೆ ತಲೆ ಎತ್ತಲು ಸ್ವಲ್ಪ ಹೊತ್ತು ಬೇಕಾಯಿತು.