ಕೂಸಿನ ಚೂರಿಗೆ ತೊಗಲಿನ ಒರೆ

ನನ್ನ ಚೊಚ್ಚಲ ಬಾಣಂತನ ತವರುಮನೆ ಹಾನಗಲ್ಲಿನಲ್ಲಿ ಆಯಿತು. ಆಗ ಲಡಾಯಿಯ ಕಾಲ. ಚಿಮಣಿ ಎಣ್ಣೆ ಸಿಗುತ್ತಿರಲಿಲ್ಲ, ಸಕ್ಕರೆಗೂ ಪರದಾಟ. ಆದರೂ ಹೆರಿಗೆ ಸಸೂತ್ರ ಆಯಿತು, ಕೂಸಿಗೆ ಸಾಲುವಷ್ಟು ಹಾಲು ಶಿವ ಕೊಟ್ಟಿದ್ದ. ಇಷ್ಟನ್ನು ಮೊದಲು ಹೇಳಿಬಿಡುತ್ತೇನೆ. ಯಾಕಂದರೆ ಮುಂದಿನದನ್ನು ಇಷ್ಟು ಸಲೀಸಾಗಿ ಹೇಳಲಾರೆ.

ಬಸುರಿ ಊರು ದಾಟುವಾಗ ಜೊತೆಗೆ ಕಬ್ಬಿಣ ಇರಬೇಕೆಂದು, ಗಂಡನ ಮನೆ ಸವಣೂರಿನಿಂದ ಹೊರಡುವ ದಿನ ನಮ್ಮ ಅತ್ತೆ ತಮ್ಮ ಮಗನ ನಡುವಿನಲ್ಲಿದ್ದ ಚೂರಿಯನ್ನೇ ಇಸಿದುಕೊಂಡು ನನ್ನ ಗಂಟಿನಲ್ಲಿ ಇಟ್ಟಿದ್ದರು. ನಮ್ಮ ಮನೆಯವರು ಎಲೆಬಳ್ಳಿ ತೋಟಕ್ಕೆ ಒಯ್ಯುತ್ತಿದ್ದ ಚೂರಿ ಅದು. ಮಡಚುವಂಥದ್ದಲ್ಲ. ಗೇಣುದ್ದದ ಅಲಗು, ಜಾಲಿ ಕಟ್ಟಿಗೆಯ ಹಿಡಿ. ಅರಿವೆ ಸುತ್ತಿ ನಡುವಿಗೆ ಸಿಕ್ಕಿಸಿಕೊಳ್ಳುತ್ತಿದ್ದರು, ಒರೆ ಗಿರೆ ಏನೂ ಇರಲಿಲ್ಲ.

ಕೂಸು ಹುಟ್ಟಿದ ಕೂಡಲೇ ಅವ್ವ ಆ ಅರಿವೆ ಬಿಚ್ಚಿ ಚೂರಿಯನ್ನು ಕೂಸಿನ ತಲೆದಿಂಬಿನ ಕೆಳಗೆ ಇಟ್ಟಳು. ಕಬ್ಬಿಣ ಇದ್ದಲ್ಲಿ ಕೆಟ್ಟ ಗಾಳಿ ಸುಳಿಯುವುದಿಲ್ಲ ಎನ್ನುವುದು ಎಲ್ಲರ ಮನೆಯಲ್ಲೂ ಇದ್ದದ್ದೇ. ಒಬ್ಬರು ಕುಡುಗೋಲು ಇಡುತ್ತಾರೆ, ಇನ್ನೊಬ್ಬರು ಅಡಕೊತ್ತು ಇಡುತ್ತಾರೆ. ಅವ್ವನದು ಮಾತ್ರ ಅಲಗು ಬರಿದಾಗಿಯೇ ಇರಬೇಕೆನ್ನುವ ಹಟ. ನನಗಿಂತ ಮೊದಲು ಹುಟ್ಟಿದ ಎರಡು ಕೂಸು ಅವಳ ಮಗ್ಗುಲಲ್ಲೇ ತೀರಿಕೊಂಡಿದ್ದವು. ಆಗ ಕಬ್ಬಿಣವನ್ನು ಅರಿವೆಯಲ್ಲಿ ಸುತ್ತಿ ಇಟ್ಟಿದ್ದಳಂತೆ. ಅದಕ್ಕೇ ಹೋದವು ಎಂದು ಅವಳ ಮನಸ್ಸಿನಲ್ಲಿ ಕೂತುಬಿಟ್ಟಿತ್ತು.

ಕೆಲವು ದಿನ ಕಳೆದ ಮೇಲೆ ನಮ್ಮ ಮನೆಯವರು ಕೂಸಿನ ಮುಖ ನೋಡಲು ಬಂದರು. ಎತ್ತಿಕೊಳ್ಳುವಾಗ ದಿಂಬು ಸರಿದು ಅಲಗು ಕಂಡಿತು. ಎತ್ತುಗಳಿಗೂ ಗಟ್ಟಿಯಾಗಿ ಗದರದ ಮನುಷ್ಯನ ಮುಖ ಬಿಳುಪೇರಿದ್ದನ್ನು ನೋಡಿ ನನಗೇ ಗಾಬರಿಯಾಯಿತು.

"ಬರೀ ಅಲಗಿನ ಮ್ಯಾಲ ಕೂಸು ಮಲಗಿಸೀರೇನು?" ಎಂದು ನನ್ನನ್ನು ಕೇಳಿದರು. ಆ ಮಾತು ಮುಟ್ಟಬೇಕಾದದ್ದು ಬಾಗಿಲ ಮರೆಯಲ್ಲಿದ್ದ ಅವ್ವನಿಗೆ.

ಅವ್ವ ಅಳಿಯನ ಎದುರು ಬರುತ್ತಿರಲಿಲ್ಲ, ನೇರವಾಗಿ ಮಾತೂ ಆಡುತ್ತಿರಲಿಲ್ಲ. ಅಲ್ಲಿಂದಲೇ ನನಗೆ ಹೇಳಿದಳು: "ಅವರಿಗೆ ಹೇಳವಾ, ಎಲಿ ತ್ವಾಟದ ಮಾತು ಬಂದ್ರ ನಾವು ಸುಮ್ಮನ ಕುಂದರ್ತೇವಿ. ಬಾಣಂತನದ ಮಾತು ಬಂದಾಗ ಅವರು ಸುಮ್ಮನ ಕುಂದರ್ಲಿ."

ಅವರು ನಕ್ಕರು. ಆದರೆ ಸುಮ್ಮನೆ ಕೂಡಲಿಲ್ಲ. ಚೂರಿಗೆ ತಕ್ಕ ಒರೆ ಹೊಲಿಸುತ್ತೇನೆ, ಅಳತೆಗೆ ಒಂದು ದಿನದ ಮಟ್ಟಿಗೆ ಕೊಡಿ ಎಂದರು. ಕೂಸಿನ ಕಬ್ಬಿಣ ಹೊಸ್ತಿಲು ದಾಟುವುದಿಲ್ಲ ಎಂದಳು ಅವ್ವ. ಕೊನೆಗೆ ಹಳೇ ಧೋತರದ ತುಂಡನ್ನು ಅಲ್ಲೇ ನೆಲಕ್ಕೆ ಹಾಸಿ, ಅದರ ಮೇಲೆ ಚೂರಿ ಇಟ್ಟು, ಇದ್ದಿಲಿನಿಂದ ಸುತ್ತಲೂ ಗೆರೆ ಎಳೆದುಕೊಂಡು ಹೋದರು.

ಮರಳಿ ಬಂದಾಗ ಕೈಯಲ್ಲಿ ಒರೆ ಇತ್ತು. ತೊಗಲೆಲ್ಲ ದಂಡಿನವರ ಬೂಟಿಗೆ ಹೋಗುತ್ತಿದ್ದ ದಿನಗಳು. ತೋಟದ ಬಾವಿಯಿಂದ ನೀರೆತ್ತುವ ಬಾನಿಗೆಂದು ಇಟ್ಟಿದ್ದ ಎಮ್ಮೆ ತೊಗಲಿನಲ್ಲೇ ಒಂದು ತುಂಡು ಕೊಯ್ಯಿಸಿದ್ದರು. ಸವಣೂರಿನ ಚಪ್ಪಲಿ ಹೊಲಿಯುವ ಮುದುಕ ಧೋತರದ ಗೆರೆ ನೋಡಿ ಮೊದಲು ಕಟ್ಟಿಗೆಯಲ್ಲಿ ಅಂಥದೇ ಚೂರಿ ಕೆತ್ತಿ, ನೆನೆಸಿದ ತೊಗಲನ್ನು ಅದರ ಮೇಲೆ ಒತ್ತಿ ಒಣಗಿಸಿ ಆಕಾರ ತಂದಿದ್ದನಂತೆ. ಅಲಗಿನ ಬಾಯಿ ಹೊಲಿಗೆಯ ದಾರಕ್ಕೆ ತಾಗದಂತೆ ನಡುವೆ ಇನ್ನೊಂದು ಪಟ್ಟಿ ಇಟ್ಟು ಹೊಲಿದಿದ್ದ. ಹಿಡಿಯ ಮೇಲೆ ಹಾದು ಬರುವ ಪಟ್ಟೆ, ಅದಕ್ಕೊಂದು ಗುಂಡಿ. ಕುಸುಬಿ ಎಣ್ಣೆ ತಿಕ್ಕಿ ಮಿರಿಮಿರಿ ಮಿಂಚುತ್ತಿತ್ತು. ತೊಟ್ಟಿಲ ಕೂಸಿನ ಚೂರಿಗೆ ಒರೆ ಹೊಲಿದದ್ದು ಇದೇ ಮೊದಲು, ಈ ಪುಟ್ಟ ಸಾಹುಕಾರ ಯಾರ ಮೇಲೆ ದಂಡೆತ್ತಿ ಹೊಂಟಾನ ಎಂದು ಆ ಮುದುಕ ಚೇಷ್ಟೆ ಮಾಡಿದನಂತೆ.

ನಮ್ಮ ಮನೆಯವರು ಅದನ್ನು ನನ್ನ ಕೈಗೆ ಕೊಟ್ಟು ಅವತ್ತೇ ತಿರುಗಿ ಹೋದರು. ಅವರು ಓಣಿ ದಾಟಿದ್ದೇ ತಡ ಅವ್ವ ಒಳಗೆ ಬಂದು ಒರೆ ನೋಡಿದಳು, ಹಾವು ಕಂಡವರಂತೆ ಹಿಂದೆ ಸರಿದಳು.

"ಕೂಸಿನ ಕೊಳ್ಳಾಗ ಲಿಂಗ ಐತಿ. ಅದರ ಮಗ್ಗಲಾಗ ಸತ್ತ ಎಮ್ಮಿ ತೊಗಲು ಇಡ್ತಿಯೇನವಾ?"

ಜಂಗಮರು ಬಂದು ಕೂಸಿಗೆ ಲಿಂಗ ಕಟ್ಟಿ ಹೋಗಿದ್ದರು, ಅದು ಖರೆ. ಅವ್ವ ಒರೆಯನ್ನು ಕೈಯಿಂದ ಮುಟ್ಟಲಿಲ್ಲ. ಕಸಬರಿಗೆಯ ಹಿಡಿಯಿಂದ ತಳ್ಳಿಕೊಂಡು ಹೋಗಿ, ಹೊರಗೆ ಚಪ್ಪಲಿ ಬಿಡುವ ಕಡೆ ಗೂಟಕ್ಕೆ ತೂಗಹಾಕಿದಳು. ಚೂರಿ ಬರಿದಾಗಿಯೇ ದಿಂಬಿನ ಕೆಳಗೆ ಉಳಿಯಿತು.

ಬಾಣಂತಿ ಖೋಲಿ ಎಂದರೆ ಗೊತ್ತಲ್ಲ. ಕಿಟಕಿ ಮುಚ್ಚಿದ ಕತ್ತಲೆ, ಹಗ್ಗದ ಹೊರಸು, ಹೊರಸಿನ ಕೆಳಗೆ ಮಣ್ಣಿನ ಅಗ್ಗಿಷ್ಟಿಕೆಯಲ್ಲಿ ಕೆಂಡ. ಒಂದು ಮಧ್ಯಾಹ್ನ ಸೂಲಗಿತ್ತಿ ಕೂಸಿಗೆ ಎರೆದು, ಲೋಬಾನದ ಹೊಗೆ ಹಾಕಿ ಮಲಗಿಸಿ ಹೋದಳು. ನಾನು ಕೆಳಗೆ ಕೂತು ಬಿಸಿ ಅನ್ನಕ್ಕೆ ತುಪ್ಪ ಕಲಸುತ್ತಿದ್ದೆ. ಟಪ್ ಎಂದು ಏನೋ ಸಪ್ಪಳವಾಯಿತು. ಹಲ್ಲಿ ಬಿದ್ದಿರಬೇಕು ಅಂದುಕೊಂಡೆ. ಮತ್ತೆ ಟಪ್. ತಲೆ ಎತ್ತಿದರೆ ಹೊರಸಿನ ತಲೆಕಡೆಯ ಹಗ್ಗ ಬಾಯಿ ಬಿಟ್ಟಿತ್ತು. ದಿಂಬು ಅದರೊಳಗಿಂದ ಕೆಂಡದ ಮೇಲೆ ಬಿತ್ತು. ಅದರ ಹಿಂದೆ ಚೂರಿ, ಅಗ್ಗಿಷ್ಟಿಕೆಯ ಅಂಚಿಗೆ ಠಣ್ ಎಂದು ಬಡಿದು. ಅದರ ಹಿಂದೆ ಕೂಸಿನ ತಲೆ ಇಳಿಯತೊಡಗಿತ್ತು.

ನನಗೆ ಕೂಗಲು ಆಗಲಿಲ್ಲ. ಬಾಯಿಯಲ್ಲಿ ಅನ್ನ ಇತ್ತೋ, ದನಿಯೇ ಹೋಗಿತ್ತೋ, ಇವತ್ತಿಗೂ ತಿಳಿಯದು. ತುಪ್ಪದ ಕೈಯಿಂದಲೇ ಕೂಸಿನ ಕಾಲು ಹಿಡಿದು ಎಳೆದೆ, ಜಾರಿತು. ಚೂರಿಯ ಸಪ್ಪಳಕ್ಕೆ ಓಡಿ ಬಂದ ಅವ್ವ ಬೆಂಕಿ ಎನ್ನದೆ ಎರಡೂ ಕೈಯಿಂದ ಅಗ್ಗಿಷ್ಟಿಕೆ ಹಿಡಿದು ಆಚೆ ಎಳೆದಳು. ಆಮೇಲೆ ನಾನು ಕೌದಿಯ ಸಮೇತ ಕೂಸನ್ನು ಎತ್ತಿಕೊಂಡೆ.

ಕೂಸು ಅತ್ತಿತು. ಅಳುವುದು ಇಷ್ಟು ಚೆಂದ ಎಂದು ಅವತ್ತೇ ಗೊತ್ತಾದದ್ದು. ಹಿಂದಲೆಯ ಕೂದಲು ಸುಟ್ಟು ನಾತ ಬರುತ್ತಿತ್ತು, ಚರ್ಮಕ್ಕೆ ಏನೂ ಆಗಿರಲಿಲ್ಲ. ದಿಂಬು ಮೊದಲು ಬಿತ್ತಲ್ಲ, ಅದು ಒಂದು ದಯೆ. ಕೌದಿಯ ಅಂಚು ಉಳಿದ ಹಗ್ಗಕ್ಕೆ ಸಿಕ್ಕಿತ್ತಲ್ಲ, ಅದು ಇನ್ನೊಂದು.

ಅವ್ವ ಹೊರಸಿನ ಹಗ್ಗದ ತುದಿಗಳನ್ನು ಕಣ್ಣಿನ ಹತ್ತಿರ ಹಿಡಿದು ನೋಡಿದಳು. ಸವೆದು ಹರಿದದ್ದಲ್ಲ. ಕೊಯ್ದದ್ದು. ಚೂರಿ ದಿಂಬಿನಡಿಯಿಂದ ಜಾರಿ ಕೌದಿಗೂ ಹಗ್ಗಕ್ಕೂ ನಡುವೆ ಸೇರಿಕೊಂಡಿತ್ತು. ಕೂಸನ್ನು ಎತ್ತಿದಾಗೊಮ್ಮೆ, ಮಲಗಿಸಿದಾಗೊಮ್ಮೆ ಎಳೆ ಎಳೆಯಾಗಿ ಕೊಯ್ಯುತ್ತ ಬಂದಿತ್ತು. ಕೂಸಿನ ತಲೆಯ ಕೆಳಗೆ, ನಮ್ಮ ಕಣ್ಣೆದುರಿಗೆ.

"ನಾನ ಇಟ್ಟಿದ್ನಲ್ಲವಾ," ಎಂದಳು.

ಸ್ವಲ್ಪ ಹೊತ್ತಿಗೆ ಎದ್ದು ಹೊರಗೆ ಹೋಗಿ, ಬೊಬ್ಬೆ ಎದ್ದ ಕೈಯಿಂದಲೇ ಒರೆಯನ್ನು ಇಳಿಸಿಕೊಂಡು ಬಂದಳು. ಚೂರಿ ಆರುವವರೆಗೆ ಕಾದು ಒಳಗೆ ಇಳಿಸಿದಳು. ಕಟ್ಟಿಗೆಯ ಚೂರಿ ನೋಡಿ ಹೊಲಿದ ಒರೆ ಖರೇ ಚೂರಿಗೆ ಕೂದಲೆಳೆ ತಪ್ಪದೆ ಕೂತಿತು. ಗುಂಡಿ ಹಾಕಲು ಅವಳ ಬೆರಳು ಮಡಚಲಿಲ್ಲ, ನಾನು ಹಾಕಿದೆ. ಕಬ್ಬಿಣವನ್ನು ಮಾತ್ರ ಅವಳು ಬಿಡಲಿಲ್ಲ. ಕೂಸನ್ನು ಮೊರದಲ್ಲಿ ಹಾಕಿ ನೆಲದ ಮೇಲೆ ಮಲಗಿಸಿ, ಒರೆ ತೊಟ್ಟ ಚೂರಿಯನ್ನು ಕಾಲದೆಸೆಗೆ, ಲಿಂಗದಿಂದ ದೂರ ಇಟ್ಟಳು. ತೊಗಲು ಮುಟ್ಟಿದ್ದಕ್ಕೆ ಝಳಕ ಮಾಡಿದಳು.

ಸಂಜೆ ಅವ್ವ ಲಿಂಗಪೂಜೆಗೆ ಕೂತಳು. ಲಿಂಗವನ್ನು ಎಡಗೈ ಅಂಗೈಯಲ್ಲೇ ಹಿಡಿಯಬೇಕು. ಬೊಬ್ಬೆಯ ಮೇಲೆ ಒಂದು ವೀಳ್ಯದೆಲೆ ಹಾಕಿ, ಅದರ ಮೇಲೆ ಇಟ್ಟುಕೊಂಡಳು. ಪೂಜೆಗೆ ಕೂತರೆ ಮನೆಯಲ್ಲಿ ಯಾರು ಕರೆದರೂ ಓ ಅನ್ನದವಳು, ಅವತ್ತು ಕಣ್ಣು ಮುಚ್ಚಿಕೊಂಡೇ ಕೇಳಿದಳು:

"ಉಸಿರಾಡಾಕತ್ತೈತಿಲ್ಲವಾ?"

"ಹೂಂ ಅವ್ವಾ," ಎಂದೆ. ಸ್ವಲ್ಪ ಹೊತ್ತಿಗೆ ಮತ್ತೆ ಅದನ್ನೇ ಕೇಳಿದಳು. ನಾನು ಕೂಸಿನ ಎದೆಯ ಮೇಲೆ ಕೈ ಇಟ್ಟು ನೋಡಿ, ಮತ್ತೆ ಹೂಂ ಎಂದೆ.